ಟಮ್ಮಿ ಟಕ್‌ಗೆ ಯಾವ ಸರ್ಜನ್? ಬಳ್ಳಾರಿಯಲ್ಲಿ ಕೂತು ನಾನು ತೂಗಿ ನೋಡಿದ್ದು

ಡಾಕ್ಟರ್ ನನ್ನನ್ನು ಅಂಗಾತ ಮಲಗಿಸಿ ಮೊಣಕಾಲು ಮಡಚಲು ಹೇಳಿದರು. "ಕೈ ಊರಬೇಡಿ. ತಲೆ ಮಾತ್ರ ಸ್ವಲ್ಪ ಎತ್ತಿ" ಅಂದರು. ಎತ್ತಿದೆ. ಎದೆಗೂಡಿನ ಕೆಳಗಿಂದ ಹೊಕ್ಕುಳ ದಾಟುವ ತನಕ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಬ್ಬ ಎದ್ದಿತು. ಅವರು ಅದರ ಮೇಲೆ ಬೆರಳಿಟ್ಟು ಒತ್ತಿದರು. ಮೂರು ಬೆರಳು ಸಲೀಸಾಗಿ ಒಳಗಿಳಿದವು. "ಇದು ಬರೀ ಬೊಜ್ಜಲ್ಲ ಮೇಡಂ. ಎರಡೂ ಕಡೆಯ ಸ್ನಾಯು ದೂರ ಸರಿದಿವೆ. ನೀವು ಊಟ ಬಿಟ್ಟರೂ ಇವು ಕೂಡುವುದಿಲ್ಲ" ಅಂದರು.

ಆಗ ನನ್ನ ಎರಡನೇ ಮಗುವಿಗೆ ಆರು ವರ್ಷ. ಎರಡೂ ಸಿಜೇರಿಯನ್. ನಾನು ಟೀಚರ್. ಹೊಸದಾಗಿ ಬಂದ ಮಕ್ಕಳ ತಾಯಂದಿರು "ಎಷ್ಟು ತಿಂಗಳು ಮೇಡಂ?" ಅಂತ ಪ್ರೀತಿಯಿಂದಲೇ ಕೇಳುತ್ತಿದ್ದರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಮನೆಗೆ ಬಂದು ಅತ್ತದ್ದೂ ಇದೆ. ಜೊತೆಗೆ ಬೆನ್ನು ನೋವು, ತೊಡೆಸಂದಿಯಲ್ಲಿ ಬೆವರಿನ ಹುಣ್ಣು. ಬಳ್ಳಾರಿಯ ಬೇಸಿಗೆ ಕಂಡವರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ.

ಹೆಚ್ಚಿನ ಚರ್ಮ ತೆಗೆದು, ಸ್ನಾಯು ಹೊಲಿದು ಹೊಟ್ಟೆ ಬಿಗಿ ಮಾಡುವ ಟಮ್ಮಿ ಟಕ್ ಆಪರೇಷನ್‌ಗಾಗಿ ನಾನು ನೋಡಿದ ನಾಲ್ವರಲ್ಲಿ ಇವರು ಮೂರನೆಯವರು. ಮೊದಲ ಇಬ್ಬರು ನನ್ನ ಹೊಟ್ಟೆಯನ್ನು ಮುಟ್ಟಿಯೇ ಇರಲಿಲ್ಲ. ಒಂದು ಕಡೆಯಂತೂ ವಾಟ್ಸಾಪ್‌ನಲ್ಲಿ ಫೋಟೋ ತರಿಸಿಕೊಂಡು ಅರ್ಧ ಗಂಟೆಯಲ್ಲಿ ರೇಟ್ ಕಳಿಸಿದ್ದರು. ಈಗ ಯಾರಾದರೂ ಕೇಳಿದರೆ ಮೊದಲು ಹೇಳುವುದು ಇದನ್ನೇ: ನಿಲ್ಲಿಸಿ, ಮಲಗಿಸಿ, ಕೆಮ್ಮಿಸಿ, ಮುಟ್ಟಿ ನೋಡದೆ ರೇಟ್ ಹೇಳಿದವರನ್ನು ಪಟ್ಟಿಯಿಂದ ತೆಗೆದುಬಿಡಿ.

ಮೊದಲು ಯಾವ ಆಪರೇಷನ್ ಅಂತ ಗೊತ್ತಾಗಲಿ

ಸರ್ಜನ್ ಯಾರು ಅನ್ನುವ ಪ್ರಶ್ನೆ ಆಮೇಲಿನದು. ಹೊಟ್ಟೆ ಮುಂದೆ ಬಂದಿದೆ ಎಂದರೆ ನಾಲ್ಕು ಬೇರೆ ಬೇರೆ ಕಾರಣ ಇರಬಹುದು. ಚರ್ಮ ಜೋತುಬಿದ್ದಿರಬಹುದು. ಚರ್ಮದ ಕೆಳಗೆ ಕೊಬ್ಬು ಕೂತಿರಬಹುದು. ನನ್ನ ಹಾಗೆ ಸ್ನಾಯು ದೂರ ಸರಿದಿರಬಹುದು. ಅಥವಾ ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆಯಲ್ಲಿ ತೂತಾಗಿ ಒಳಗಿನದು ಹೊರಗೆ ಉಬ್ಬುವುದು, ಇರಬಹುದು. ಒಬ್ಬರಲ್ಲೇ ಎರಡು ಮೂರು ಕೂಡಿ ಇರುವುದೂ ಉಂಟು. ಒಂದೊಂದಕ್ಕೂ ಚಿಕಿತ್ಸೆ ಬೇರೆ, ಮಾಡುವವರೂ ಬೇರೆ.

ಕೊಪ್ಪಳದಲ್ಲಿರುವ ನಮ್ಮ ಅಕ್ಕನ ಕಥೆ ಹೇಳಿದರೆ ಸುಲಭವಾಗಿ ಅರ್ಥ ಆಗುತ್ತದೆ. ನನ್ನದನ್ನು ಕೇಳಿ ಅವಳೂ ಟಮ್ಮಿ ಟಕ್ ಮಾಡಿಸಲು ಹೊರಟಳು. ಎರಡೆಳೆ ಸರ ಅಡ ಇಡುವ ಮಾತೂ ಆಗಿತ್ತು. ನಮ್ಮ ಡಾಕ್ಟರ್ ಅವಳನ್ನು ನಿಲ್ಲಿಸಿ ಕೆಮ್ಮಿಸಿದರು. ಹೊಕ್ಕುಳ ಹತ್ತಿರ ನಿಂಬೆಹಣ್ಣಿನಷ್ಟು ಉಬ್ಬು ಹೊರಗೆ ಬಂತು, ಬೆರಳಿಟ್ಟು ಒತ್ತಿದರೆ ಒಳಗೆ ಹೋಯಿತು. ಅದು ಹರ್ನಿಯಾ. ಅದಕ್ಕೆ ಬೇಕಿದ್ದದ್ದು ಜನರಲ್ ಸರ್ಜನ್ ಮತ್ತು ತೂತಿಗೆ ಆಸರೆಯಾಗಿ ಇಡುವ ಬಲೆ, ಅಂದರೆ ಒಂದು ಮೆಶ್. ಬಳ್ಳಾರಿಯಲ್ಲಿ ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಹೀಗೆ ಮೂರು ಜಿಲ್ಲೆಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಹರ್ನಿಯಾ ಆಪರೇಷನ್ ಅಲ್ಲಿನ ಜನರಲ್ ಸರ್ಜನ್‌ಗಳಿಗೆ ನಿತ್ಯದ ಕೆಲಸ. ಅಕ್ಕನಿಗೆ ಸರ ಅಡ ಇಡುವ ಪ್ರಮೇಯವೇ ಬರಲಿಲ್ಲ.

ಬರೀ ಕೊಬ್ಬು ಇದ್ದು, ಚರ್ಮ ಬಿಗಿಯಾಗಿದ್ದರೆ ನಳಿಕೆಯಿಂದ ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ಸಾಕಾಗಬಹುದು. ಚರ್ಮ ಸಡಿಲ ಇದ್ದವರಿಗೆ ಅದನ್ನೊಂದೇ ಮಾಡಿದರೆ ಗಾಳಿ ಹೋದ ಬಲೂನಿನ ಹಾಗೆ ಆಗುತ್ತದೆ. ಮಿನಿ ಟಮ್ಮಿ ಟಕ್ ಅನ್ನುವುದು ಹೊಕ್ಕುಳ ಕೆಳಗಿನ ಸ್ವಲ್ಪ ಸಡಿಲಕ್ಕೆ ಮಾತ್ರ. ಪೂರ್ತಿ ಟಮ್ಮಿ ಟಕ್‌ನಲ್ಲಿ ಒಂದು ಸೊಂಟದಿಂದ ಇನ್ನೊಂದು ಸೊಂಟದ ತನಕ ಕೊಯ್ದು, ಹೆಚ್ಚಿನ ಚರ್ಮ ಕೊಬ್ಬು ತೆಗೆದು, ಸ್ನಾಯುಗಳನ್ನು ನಡುವೆ ಎಳೆದು ಹೊಲಿದು, ಹೊಕ್ಕುಳಿಗೆ ಹೊಸ ಜಾಗ ಮಾಡುತ್ತಾರೆ. ಕಲೆ ಉದ್ದ ಇರುತ್ತದೆ, ಜೀವನಪೂರ್ತಿ ಇರುತ್ತದೆ. ಒಳ್ಳೆಯ ಸರ್ಜನ್ ಅದನ್ನು ಒಳಉಡುಪಿನೊಳಗೆ ಮುಚ್ಚುವಷ್ಟು ಕೆಳಗೆ ಇಡುತ್ತಾರೆ. ಕಲೆ ಕಾಣುವುದೇ ಇಲ್ಲ ಅಂದವರ ಮಾತು ನಂಬಬೇಡಿ. ಹೊಕ್ಕುಳ ಕೆಳಗಿನ ಹೆರಿಗೆಯ ಗೆರೆಗಳು ತೆಗೆದ ಚರ್ಮದ ಜೊತೆಗೇ ಹೋಗುತ್ತವೆ. ಮೇಲಿನವು ಕೆಳಗೆ ಇಳಿದು ಕೂರುತ್ತವೆ, ಅಷ್ಟೇ.

ಇದು ತೂಕ ಇಳಿಸುವ ಆಪರೇಷನ್ ಅಲ್ಲ. ಕರುಳಿನ ಸುತ್ತ ಕೂತ ಕೊಬ್ಬನ್ನು ಯಾವ ಸರ್ಜನ್ನೂ ತೆಗೆಯಲಾರರು, ಅದು ಊಟ ಮತ್ತು ನಡಿಗೆಯ ಕೆಲಸ. ತೂಕ ಆರು ತಿಂಗಳಾದರೂ ಒಂದೇ ಕಡೆ ನಿಂತಿರಬೇಕು. ಇನ್ನೊಂದು ಮಗು ಬೇಕು ಅನ್ನುವವರು ಕಾಯುವುದೇ ಸರಿ, ಏಕೆಂದರೆ ಬಸುರಿನಲ್ಲಿ ಹೊಲಿದ ಸ್ನಾಯು ಮತ್ತೆ ಸಡಿಲ ಆಗಬಹುದು. ಬಾಣಂತಿಯರು ಆರು ತಿಂಗಳಿಗೆ ಮುಂಚೆ ಈ ಯೋಚನೆಯೇ ಮಾಡಬೇಡಿ. ಅಷ್ಟರಲ್ಲಿ ಎಷ್ಟೋ ಜನರ ಹೊಟ್ಟೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಫಿಸಿಯೋಥೆರಪಿಯಿಂದ ಚೆನ್ನಾಗಿ ಆದವರೂ ಇದ್ದಾರೆ.

ಬೋರ್ಡಿನ ಮೇಲಿನ ಅಕ್ಷರ

ನಮ್ಮ ಕಡೆ ಪ್ಲಾಸ್ಟಿಕ್ ಸರ್ಜನ್ ಅಂದರೆ ಜನಕ್ಕೆ ನೆನಪಾಗುವುದು ಸುಟ್ಟ ಗಾಯ, ಬೈಕ್ ಅಪಘಾತ, ಸೀಳುತುಟಿ. ಹೊಟ್ಟೆ ಸಣ್ಣ ಮಾಡಿಸಲು ಹೋಗುವುದು "ಕಾಸ್ಮೆಟಿಕ್ ಕ್ಲಿನಿಕ್"ಗೆ. ಎಡವಟ್ಟು ಆಗುವುದೇ ಇಲ್ಲಿ. ಟಮ್ಮಿ ಟಕ್ ಕಲಿತಿರುವುದು ಆ ಸುಟ್ಟ ಗಾಯ ನೋಡುವ ಪ್ಲಾಸ್ಟಿಕ್ ಸರ್ಜನ್ನೇ.

ಎಂಬಿಬಿಎಸ್ ಆದಮೇಲೆ ಮೂರು ವರ್ಷ ಎಂಎಸ್ ಜನರಲ್ ಸರ್ಜರಿ, ಅದರ ಮೇಲೆ ಮೂರು ವರ್ಷ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ. ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಡಿಎನ್‌ಬಿ, ಈಗ ಅದಕ್ಕೆ ಡಿಆರ್‌ಎನ್‌ಬಿ ಅಂತಾರೆ. ಬೋರ್ಡಿನ ಮೇಲೆ ನೋಡಬೇಕಾದ್ದು ಇದನ್ನು. ಕಾಸ್ಮೆಟಾಲಜಿಸ್ಟ್, ಈಸ್ಥೆಟಿಕ್ ಫಿಸಿಷಿಯನ್, ಫೆಲೋಶಿಪ್ ಇನ್ ಕಾಸ್ಮೆಟಿಕ್ ಮೆಡಿಸಿನ್ ಅನ್ನುವ ಹೆಸರುಗಳು ಎಂಸಿಎಚ್‌ಗೆ ಸಮ ಅಲ್ಲ. ಚರ್ಮದ ಡಾಕ್ಟರು ಚರ್ಮದ ವಿಷಯದಲ್ಲಿ ದೊಡ್ಡವರೇ. ಆದರೆ ಹೊಟ್ಟೆಯ ಸ್ನಾಯು ಹೊಲಿಯುವುದು ಅವರ ಓದಲ್ಲ.

ಪರೀಕ್ಷೆ ಮಾಡುವುದು ಸುಲಭ. ಡಾಕ್ಟರ್ ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿ, ಚೀಟಿಯಲ್ಲಿ, ಹಣದ ರಸೀದಿಯಲ್ಲಿ ತೋರಿಸಲೇಬೇಕು ಅಂತ ವೈದ್ಯರ ನಡತೆಗಾಗಿಯೇ ಇರುವ 2002ರ ನಿಯಮ ಹೇಳುತ್ತದೆ. ಆ ಸಂಖ್ಯೆ ಹಿಡಿದು ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟ್‌ನಲ್ಲಿ ಹೆಸರು ಹುಡುಕಿ. ಕರ್ನಾಟಕದವರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಇರುತ್ತದೆ. ಭಾರತೀಯ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘಕ್ಕೆ ಎಪಿಎಸ್‌ಐ ಅಂತ ಹೆಸರು. ಅದರಲ್ಲಿ ಸದಸ್ಯರಾ ಅಂತಲೂ ಕೇಳಬಹುದು. ಒಳ್ಳೆಯ ಡಾಕ್ಟರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನು ಹೋದ ಎರಡನೇ ಜಾಗದಲ್ಲಿ ಚಂದದ ಸೋಫಾ, ಎಸಿ, ತಂಪು ಜ್ಯೂಸ್ ಎಲ್ಲ ಇತ್ತು. ಮಾತಾಡಿದ್ದು ಕೌನ್ಸೆಲರ್ ಅನ್ನುವ ಒಬ್ಬ ಹುಡುಗಿ. "ಆಪರೇಷನ್ ಯಾರು ಮಾಡ್ತಾರೆ?" ಅಂತ ಕೇಳಿದೆ. "ನಮ್ಮ ಟೀಮ್ ಇದೆ ಮೇಡಂ" ಅಂದಳು. ಹೆಸರು ಕೇಳಿದೆ. "ಡೇಟ್ ಫಿಕ್ಸ್ ಆದಮೇಲೆ ಹೇಳ್ತೀವಿ, ಇವತ್ತೇ ಅಡ್ವಾನ್ಸ್ ಕೊಟ್ಟರೆ ಡಿಸ್ಕೌಂಟ್ ಇದೆ" ಅಂದಳು. ಸೀರೆ ಅಂಗಡಿಯಲ್ಲಿ ಆಷಾಢದ ಡಿಸ್ಕೌಂಟ್ ಇರಲಿ, ಬೇಡ ಅನ್ನುವುದಿಲ್ಲ. ಹೊಟ್ಟೆ ಕೊಯ್ಯುವ ಕೈ ಯಾರದು ಅಂತ ಹೇಳದವರಿಗೆ ಅಡ್ವಾನ್ಸ್ ಕೊಡಬಾರದು. ನಾನು ಎದ್ದು ಬಂದೆ. ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ, ಹೇಳಿಕೊಟ್ಟದ್ದನ್ನು ಹೇಳಿದಳು.

ಊರಲ್ಲೇ ಇರುವವರು, ಬಂದು ಹೋಗುವವರು, ದೊಡ್ಡ ಊರಿನವರು

ಓದು ಸರಿಯಿದೆ ಅಂತ ಗೊತ್ತಾದ ಮೇಲೆ ನನ್ನ ಮುಂದೆ ಮೂರು ದಾರಿ ಉಳಿದವು. ಈ ಮೂರು ಜಿಲ್ಲೆಯ ಯಾರಿಗೇ ಆದರೂ ಹೆಚ್ಚು ಕಡಿಮೆ ಇವೇ ದಾರಿಗಳು.

ಒಂದು, ಇಲ್ಲೇ ಮನೆ ಮಾಡಿಕೊಂಡಿರುವ ಪ್ಲಾಸ್ಟಿಕ್ ಸರ್ಜನ್. ಇವರ ದಿನ ಕಳೆಯುವುದು ಅಪಘಾತ, ಸುಟ್ಟ ಗಾಯ, ಮೆಷಿನ್ನಿಗೆ ಸಿಕ್ಕ ಬೆರಳುಗಳ ನಡುವೆ. ಟಮ್ಮಿ ಟಕ್ ಕಡಿಮೆ ಮಾಡಿರುತ್ತಾರೆ. ಆದರೆ ಗಾಯ ಕೆಟ್ಟರೆ ಏನು ಮಾಡಬೇಕು ಅನ್ನುವುದು ಇವರಷ್ಟು ಗೊತ್ತಿರುವವರು ಕಡಿಮೆ.

ಎರಡು, ಬೇರೆ ಊರಿಂದ ತಿಂಗಳಿಗೆ ಒಂದೆರಡು ಸಲ ಬಂದು ಹೋಗುವವರು. ಕೈ ಚೆನ್ನಾಗಿರಬಹುದು, ಅನುಭವವೂ ಇರಬಹುದು. ಭಾನುವಾರ ಆಪರೇಷನ್ ಮಾಡಿ ರಾತ್ರಿ ರೈಲಿಗೆ ಹೊರಟರೆ, ಬುಧವಾರದ ಜ್ವರವನ್ನು ಯಾರು ನೋಡಬೇಕು?

ಮೂರು, ಬೆಂಗಳೂರು, ಹುಬ್ಬಳ್ಳಿ ಅಥವಾ ಹೈದರಾಬಾದ್. ಬಳ್ಳಾರಿಯಿಂದ ಬೆಂಗಳೂರು 300 ಕಿಲೋಮೀಟರ್ ಮೇಲೆ. ಕೊಪ್ಪಳದವರಿಗೆ ಹುಬ್ಬಳ್ಳಿ ಸುಮಾರು 120. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಸುಮಾರು 200. ದೊಡ್ಡ ಊರಿನಲ್ಲಿ ಇದೇ ಕೆಲಸವನ್ನು ವಾರ ವಾರವೂ ಮಾಡುವ ಸರ್ಜನ್ ಸಿಗುತ್ತಾರೆ. ನಿಮ್ಮಂಥದೇ ಹೊಟ್ಟೆಯ ಹಳೆಯ ಫೋಟೋ ತೋರಿಸುತ್ತಾರೆ. ದೊಡ್ಡ ಆಸ್ಪತ್ರೆಯಾದರೆ ಐಸಿಯು ಅದೇ ಕಟ್ಟಡದಲ್ಲಿರುತ್ತದೆ. ಆದರೆ ಮೊದಲ ವಾರ ಎರಡು ವಾರ ಅಲ್ಲೇ ಇರಬೇಕು. ಆಪರೇಷನ್ ಆದ ಐದನೇ ದಿನ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಸೈಡ್ ಬರ್ತ್ ಹಿಡಿದು ಬರುತ್ತೇನೆ ಅನ್ನುವುದು ಆಗದ ಮಾತು. ತುಂಬಾ ಹೊತ್ತು ಕದಲದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಈ ಆಪರೇಷನ್‌ಗೆ ಇದ್ದೇ ಇದೆ.

ಮೂವರಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ. "ಹತ್ತನೇ ದಿನ ರಾತ್ರಿ ಹನ್ನೊಂದಕ್ಕೆ ಗಾಯದಿಂದ ನೀರು ಸೋರಿದರೆ ನಾನು ಯಾರಿಗೆ ಫೋನ್ ಮಾಡಲಿ, ನನ್ನನ್ನು ಯಾರು ನೋಡುತ್ತಾರೆ?"

ಬಂದು ಹೋಗುವ ಡಾಕ್ಟರ್ "ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಡಾಕ್ಟರ್ ಇರುತ್ತಾರೆ, ಫೋಟೋ ಕಳಿಸಿದರೆ ನಾನು ಹೇಳುತ್ತೇನೆ" ಅಂದರು. ಬೆಂಗಳೂರಿನವರು ತುಂಬಾ ನೇರವಾಗಿ ಮಾತಾಡಿದರು: "ಹದಿನಾಲ್ಕು ದಿನ ಬೆಂಗಳೂರಲ್ಲಿ ಇರುವುದಾದರೆ ಮಾತ್ರ ಮಾಡುತ್ತೇನೆ. ಆಮೇಲೆ ನಿಮ್ಮೂರಲ್ಲಿ ಯಾವ ಸರ್ಜನ್ ನೋಡುತ್ತಾರೆ ಅಂತ ಮೊದಲೇ ಮಾತಾಡಿಕೊಂಡು ಬನ್ನಿ." ಆ ಮಾತಿಗೆ ನನಗೆ ಅವರ ಮೇಲೆ ಗೌರವ ಜಾಸ್ತಿ ಆಯಿತು. ಊರಿನವರು ಚೀಟಿಯ ಹಿಂದೆ ತಮ್ಮ ಮೊಬೈಲ್ ನಂಬರ್ ಬರೆದು, "ಆಸ್ಪತ್ರೆಗೆ ಬನ್ನಿ, ನಾನು ಹತ್ತು ನಿಮಿಷದಲ್ಲಿ ಇರುತ್ತೇನೆ" ಅಂದರು.

ಮೊದಲು ನನ್ನ ಹೊಟ್ಟೆ ಮೇಲೆ ಬೆರಳಿಟ್ಟು ನೋಡಿದವರು ಅವರೇ. "ನೀವು ಎಷ್ಟು ಟಮ್ಮಿ ಟಕ್ ಮಾಡಿದ್ದೀರಿ?" ಅಂತ ನೇರವಾಗಿ ಕೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. "ಬೆಂಗಳೂರಿನವರಷ್ಟು ಇಲ್ಲ. ವರ್ಷಕ್ಕೆ ಕೆಲವು. ಆದರೆ ಹೊಟ್ಟೆಯ ಗೋಡೆ ರಿಪೇರಿ ಯಾವಾಗಲೂ ಮಾಡುತ್ತಿರುತ್ತೇನೆ" ಅಂದು, ಮುಖ ಕಾಣದ ಹಾಗೆ ತೆಗೆದ ಐದಾರು ಜನರ ಫೋಟೋ ತೋರಿಸಿದರು. ಒಂದು ವರ್ಷ ಆದಮೇಲಿನ ಫೋಟೋ ಅವು. ಅದನ್ನು ಗಮನಿಸಿ. ಮೂರು ವಾರದ ಫೋಟೋ ನೋಡಿ ಏನೂ ಗೊತ್ತಾಗುವುದಿಲ್ಲ, ಕಲೆ ಮಾಗಲು ವರ್ಷ ಬೇಕು. ಒಬ್ಬರ ಕಲೆ ಸ್ವಲ್ಪ ಅಗಲ ಆಗಿತ್ತು. ಅದನ್ನೂ ಮುಚ್ಚದೆ ತೋರಿಸಿದರು.

ನಾನು ಅವರನ್ನೇ ಆರಿಸಿಕೊಂಡೆ. ಎಲ್ಲರೂ ಊರಲ್ಲೇ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ನಲವತ್ತು ಐವತ್ತು ಕಿಲೋ ತೂಕ ಇಳಿಸಿ, ಸುತ್ತಲೂ ಚರ್ಮ ನೇತಾಡುವವರಿಗೆ ಉದ್ದಕ್ಕೂ ಅಡ್ಡಕ್ಕೂ ಕೊಯ್ಯುವ ದೊಡ್ಡ ಕೆಲಸ ಬೇಕಾಗುತ್ತದೆ. ಮೊದಲೇ ಹೊಟ್ಟೆಯ ಮೇಲೆ ಮೂರು ನಾಲ್ಕು ಆಪರೇಷನ್ ಆಗಿದ್ದರೆ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇದ್ದರೆ, ಒಮ್ಮೆ ಮಾಡಿಸಿದ್ದು ಕೆಟ್ಟು ಮತ್ತೆ ಮಾಡಿಸಬೇಕಿದ್ದರೆ ದೊಡ್ಡ ಊರಿಗೇ ಹೋಗಿ. ಅಲ್ಲಿ ಉಳಿಯಲು ಮನೆ, ನೋಡಿಕೊಳ್ಳಲು ಜನ ಇದ್ದವರಿಗೂ ಅದೇ ಚೆನ್ನ. ರಾಯಚೂರಿನ ನನ್ನ ಗೆಳತಿ ಹೈದರಾಬಾದ್‌ನಲ್ಲಿ ಮಾಡಿಸಿದಳು. ಅವಳ ಅಕ್ಕನ ಮನೆ ಆಸ್ಪತ್ರೆಗೆ ಹತ್ತಿರ ಇತ್ತು, ಮೂರು ವಾರ ಅಲ್ಲೇ ಇದ್ದಳು. ಅವಳಿಗೆ ಅದು ಸರಿಯಾದ ಆಯ್ಕೆ.

ಬಂದು ಹೋಗುವವರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಸಣ್ಣ ಕೆಲಸಕ್ಕೆ ಸರಿ, ಇದಕ್ಕೆ ಬೇಡ. ಅವರು ಇಲ್ಲದ ದಿನ ನೋಡಲು ಇನ್ನೊಬ್ಬ ಸರ್ಜನ್ ಹೆಸರು ಸಮೇತ ಒಪ್ಪಿಕೊಂಡಿದ್ದರೆ ಮಾತ್ರ ಯೋಚಿಸಬಹುದು.

"ಈಗ ಬೇಡ" ಅನ್ನುವವರು

ನನ್ನ ಹಿಮೋಗ್ಲೋಬಿನ್ 9.4 ಇತ್ತು. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ಇದು ಹೊಸದೇನಲ್ಲ, ಆದರೂ ನಾವು ಇದನ್ನು ಕಾಯಿಲೆ ಅಂತ ಎಣಿಸುವುದಿಲ್ಲ. ಒಂದು ಕಡೆ "ರಕ್ತ ಏರಿಸಿದರಾಯ್ತು" ಅಂದರು. ನಮ್ಮ ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದು ಎರಡು ತಿಂಗಳು ಮುಂದೂಡಿದರು. ಇದರಿಂದ ಅವರಿಗೆ ಬರಬೇಕಿದ್ದ ದುಡ್ಡೂ ಮುಂದೆ ಹೋಯಿತಲ್ವಾ? ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಅಲ್ಲಿ.

ಹೀಗೆ ತಡೆಯುವ ಡಾಕ್ಟರು ಇನ್ನೂ ಕೆಲವು ಪ್ರಶ್ನೆ ಕೇಳುತ್ತಾರೆ. ಬೀಡಿ ಸಿಗರೇಟು ಮಾತ್ರ ಅಲ್ಲ, ಎಲೆಯಡಿಕೆ ಜೊತೆ ತಂಬಾಕು ಹಾಕುತ್ತೀರಾ, ನಶ್ಯ ಏರಿಸುತ್ತೀರಾ, ಗುಟ್ಕಾ ತಿನ್ನುತ್ತೀರಾ ಅಂತ ಕೇಳಬೇಕು. ನಿಕೋಟಿನ್ ಚರ್ಮಕ್ಕೆ ಹೋಗುವ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಎಳೆದು ಹೊಲಿದ ಚರ್ಮಕ್ಕೆ ರಕ್ತ ಸಿಗದಿದ್ದರೆ ಅಂಚು ಕಪ್ಪಾಗಿ ಸಾಯುತ್ತದೆ. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ ಬಿಡಲೇಬೇಕು. ನಾಚಿಕೆಪಟ್ಟು ಮುಚ್ಚಿಡಬೇಡಿ. ಗರ್ಭ ತಡೆಯುವ ಮಾತ್ರೆ, ಆಸ್ಪಿರಿನ್, ಊರಿನ ಔಷಧಿ ಏನೇ ತಗೊಳ್ಳುತ್ತಿದ್ದರೂ ಹೇಳಿ. ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಅನ್ನುವುದನ್ನೂ ಹೇಳಿ.

ಒಬ್ಬರು ನನಗೆ "ಹೇಗೂ ಹೊಟ್ಟೆ ತೆಗೀತೀವಿ, ಗರ್ಭಕೋಶವನ್ನೂ ತೆಗೆಸಿಬಿಡಿ" ಅಂದಿದ್ದರು. ನನ್ನ ಗರ್ಭಕೋಶಕ್ಕೆ ಯಾವ ರೋಗವೂ ಇರಲಿಲ್ಲ. ಟಮ್ಮಿ ಟಕ್‌ನಲ್ಲಿ ಹೊಟ್ಟೆಯ ಒಳಗೆ ಹೋಗುವುದೇ ಇಲ್ಲ, ಸ್ನಾಯುವಿನ ಮೇಲೇ ಕೆಲಸ ಮುಗಿಯುತ್ತದೆ. ಸುಮ್ನೆ ಇನ್ನೊಂದು ಅಂಗ ಕಳೆದುಕೊಳ್ಳಲು ಒಪ್ಪಬೇಡಿ.

ಆಪರೇಷನ್ ಥಿಯೇಟರ್ ಎಲ್ಲಿದೆ?

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಒಬ್ಬ ನಟಿ, ಇನ್ನೂ 21 ವರ್ಷದ ಹುಡುಗಿ, ಕೊಬ್ಬು ತೆಗೆಸುವ ಆಪರೇಷನ್ ಆದಮೇಲೆ ತೀರಿಕೊಂಡರು. ಆ ದಿನ ಟಿವಿ ಮುಂದೆ ಕೂತಿದ್ದ ನಮ್ಮಮ್ಮ ನನ್ನ ಕೈ ಹಿಡಿದು "ಬೇಡ ಬಿಡವ್ವ" ಅಂದಿದ್ದು ಇನ್ನೂ ನೆನಪಿದೆ. ಅಮ್ಮನ ಆ ಭಯಕ್ಕೆ ಉತ್ತರ ಕೊಡಬೇಕು ಅಂತಲೇ ನಾನು ಆಸ್ಪತ್ರೆಯ ಬಗ್ಗೆ ಅಷ್ಟು ವಿಚಾರಿಸಿದೆ.

ಪೂರ್ತಿ ಟಮ್ಮಿ ಟಕ್‌ಗೆ ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ, ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಹಾಗಾಗಿ ಅರಿವಳಿಕೆ ತಜ್ಞರು ಯಾರು, ಆಪರೇಷನ್ ಮುಗಿಯುವ ತನಕ ಪಕ್ಕದಲ್ಲೇ ಇರುತ್ತಾರಾ, ಆಪರೇಷನ್‌ಗೆ ಮುಂಚೆ ನಿಮ್ಮನ್ನು ನೋಡುತ್ತಾರಾ ಅಂತ ಕೇಳಿ. ಐಸಿಯು ಅದೇ ಕಟ್ಟಡದಲ್ಲಿದೆಯಾ, ರಕ್ತ ಬೇಕಾದರೆ ಎಲ್ಲಿಂದ ಬರುತ್ತದೆ, ರಾತ್ರಿ ಡಾಕ್ಟರ್ ಇರುತ್ತಾರಾ ಅಂತ ವಿಚಾರಿಸಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳೆಲ್ಲ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಇದೆಯಾ ನೋಡಿ. ಬ್ಯೂಟಿ ಪಾರ್ಲರ್ ಮೇಲಿನ ಮಹಡಿಯಲ್ಲಿ, ಹಲ್ಲಿನ ಕ್ಲಿನಿಕ್‌ನ ಹಿಂದಿನ ಕೋಣೆಯಲ್ಲಿ ಮಾಡುತ್ತೇವೆ ಅಂದರೆ ಎಷ್ಟು ಕಡಿಮೆಗೆ ಬಂದರೂ ಬೇಡ.

ಒಂದೇ ಸಲ ಹೊಟ್ಟೆ, ತೊಡೆ, ಕೈ, ಬೆನ್ನು ಎಲ್ಲದರ ಕೊಬ್ಬು ತೆಗೆದುಬಿಡುತ್ತೇವೆ ಅನ್ನುವವರ ಹತ್ತಿರವೂ ಹೋಗಬೇಡಿ. ಲೈಪೋಸಕ್ಷನ್‌ನಲ್ಲಿ ಐದು ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣ ಅಂತಲೇ ಎಣಿಸುತ್ತಾರೆ, ಅಪಾಯವೂ ಅಷ್ಟೇ ಏರುತ್ತದೆ.

ದುಡ್ಡು

ರೇಟ್ ಹೋಲಿಸುವಾಗ ಎಲ್ಲರ ಹತ್ತಿರ ಕಾಗದದ ಮೇಲೆ ಬರೆಸಿಕೊಳ್ಳಿ. ಸರ್ಜನ್ ಫೀಸು, ಅರಿವಳಿಕೆ ಫೀಸು, ಥಿಯೇಟರ್, ರೂಮು, ಔಷಧಿ, ಹೊಟ್ಟೆಗೆ ಕಟ್ಟುವ ಬೆಲ್ಟ್, ಆಮೇಲಿನ ಡ್ರೆಸ್ಸಿಂಗ್, ಎಲ್ಲ ಬಿಡಿ ಬಿಡಿಯಾಗಿ ಇರಲಿ. "ಪ್ಯಾಕೇಜ್" ಅನ್ನುವ ಒಂದೇ ಸಾಲಿನಲ್ಲಿ ಬೆಲ್ಟು ಡ್ರೆಸ್ಸಿಂಗು ಎಷ್ಟೋ ಸಲ ಸೇರಿರುವುದಿಲ್ಲ. ತೊಂದರೆಯಾಗಿ ಮತ್ತೆ ಥಿಯೇಟರ್‌ಗೆ ಹೋಗಬೇಕಾದರೆ ಯಾರ ದುಡ್ಡು? ಅದನ್ನೂ ಮೊದಲೇ ಕೇಳಿ.

ಚಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ಜಿಎಸ್‌ಟಿ ಇದೆ. ಉಳಿದ ಚಿಕಿತ್ಸೆಗೆ ಇರುವ ವಿನಾಯಿತಿ ಇದಕ್ಕಿಲ್ಲ. ಹೇಳಿದ ರೇಟ್ ಜಿಎಸ್‌ಟಿ ಸೇರಿದ ಮೊತ್ತವಾ, ಬಿಟ್ಟ ಮೊತ್ತವಾ ಅಂತ ಕೇಳದೆ ಇಬ್ಬರ ರೇಟ್ ಹೋಲಿಸಬೇಡಿ. ಆರೋಗ್ಯ ವಿಮೆ ಇದಕ್ಕೆ ಬರುವುದಿಲ್ಲ, ಆಯುಷ್ಮಾನ್ ಕಾರ್ಡೂ ನಡೆಯುವುದಿಲ್ಲ. ಹರ್ನಿಯಾ ಇದ್ದರೆ ಆ ಭಾಗದ ವಿಷಯ ಬೇರೆ, ವಿಮೆಯವರನ್ನು ಆಪರೇಷನ್‌ಗೆ ಮುಂಚೆಯೇ ಕೇಳಿ. ಇಲ್ಲದ ಹರ್ನಿಯಾ ಬರೆದು ಕ್ಲೇಮ್ ಮಾಡಿಸುತ್ತೇವೆ ಅನ್ನುವವರನ್ನು ದೂರ ಇಡಿ. ಕಾಗದದಲ್ಲಿ ಸುಳ್ಳು ಬರೆಯುವವರು ನಿಮ್ಮ ಹತ್ತಿರ ನಿಜ ಹೇಳುತ್ತಾರೆ ಅಂತ ಏನು ಗ್ಯಾರಂಟಿ?

ಎರಡನೇ ವಾರ

ಆಪರೇಷನ್ ದಿನದ ಬಗ್ಗೆ ಹೇಳಲು ನನಗೆ ಜಾಸ್ತಿ ಇಲ್ಲ. ಮಲಗಿದೆ, ಎದ್ದೆ. ಅದೇ ಸಂಜೆ ನರ್ಸ್ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರು, ಕಾಲಿನ ರಕ್ತ ಹರಿದಾಡಲಿ ಅಂತ. ಸೊಂಟ ಬಗ್ಗಿಸಿಯೇ ನಡೆಯಬೇಕು, ನೆಟ್ಟಗೆ ನಿಂತರೆ ಹೊಲಿಗೆ ಎಳೆಯುತ್ತದೆ. ಹೊಲದಲ್ಲಿ ಹತ್ತಿ ಬಿಡಿಸುವವರ ಹಾಗೆ ಬಗ್ಗಿ ಒಂದು ವಾರ ಮನೆಯಲ್ಲಿ ಓಡಾಡಿದೆ.

ಹೊಟ್ಟೆಯ ಎರಡೂ ಬದಿಯಿಂದ ಸಣ್ಣ ನಳಿಕೆ ಹೊರಗೆ ಬಂದಿತ್ತು. ತುದಿಯಲ್ಲಿ ಅಮುಕಿ ಬಿಟ್ಟರೆ ಹೀರಿಕೊಳ್ಳುವ ಪ್ಲಾಸ್ಟಿಕ್ ಬುಡ್ಡಿ. ಅದಕ್ಕೆ ಡ್ರೈನ್ ಅಂತಾರೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ನಮ್ಮ ಮನೆಯವರು ಸೋಪು ಹಚ್ಚಿ ಕೈ ತೊಳೆದು, ಮುಚ್ಚಳ ಬಿಚ್ಚಿ, ಮಗಳ ಕೆಮ್ಮಿನ ಔಷಧಿಯ ಅಳತೆ ಕಪ್ಪಿಗೆ ಸುರಿಯುತ್ತಿದ್ದರು. ಸಣ್ಣ ಕಪ್ಪು, ಎರಡು ಮೂರು ಸಲ ಅಳೆಯಬೇಕಿತ್ತು. ಮಗಳು ರಫ್ ನೋಟ್‌ಬುಕ್ ಹಿಡಿದು ನಿಂತಿರುತ್ತಿದ್ದಳು. "ಎಡ 40, ಬಲ 25." ಮೊದಲು ಕೆಂಪು, ನಾಲ್ಕನೇ ದಿನಕ್ಕೆ ತಿಳಿ ಗುಲಾಬಿ, ಆಮೇಲೆ ಒಣಹುಲ್ಲಿನ ಬಣ್ಣ. 24 ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಆದಮೇಲೆ ಡಾಕ್ಟರ್ ಒಂದೊಂದಾಗಿ ತೆಗೆದರು. ಆ ನೋಟ್‌ಬುಕ್ ಇಲ್ಲದಿದ್ದರೆ ಯಾವಾಗ ತೆಗೆಯಬೇಕು ಅಂತ ಅಂದಾಜೇ ಸಿಗುತ್ತಿರಲಿಲ್ಲ.

ಹನ್ನೆರಡನೇ ದಿನ ಕೆಳಹೊಟ್ಟೆ ಬಲಗಡೆ ಊದಿತು. ಬೆರಳಿಂದ ತಟ್ಟಿದರೆ ನೀರು ತುಂಬಿದ ಚೀಲದ ಹಾಗೆ ಅಲೆ ಎದ್ದಿತು. ರಾತ್ರಿ ಫೋನ್ ಮಾಡಿದೆ. ಜ್ವರ ಇದೆಯಾ, ಚರ್ಮ ಕೆಂಪಾಗಿದೆಯಾ, ಉಸಿರಾಡಲು ತೊಂದರೆ ಇದೆಯಾ ಅಂತ ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ. "ಬೆಳಿಗ್ಗೆ ಎಂಟಕ್ಕೆ ಬನ್ನಿ" ಅಂದರು. ಸಿರಿಂಜಿನಿಂದ ನೀರು ಎಳೆದರು. ಆ ಜಾಗ ಮೊದಲೇ ಮರಗಟ್ಟಿರುವುದರಿಂದ ನೋವೇ ಆಗಲಿಲ್ಲ. ಮೂರು ದಿನ ಬಿಟ್ಟು ಇನ್ನೊಂದು ಸಲ ಎಳೆದರು, ಮುಗಿಯಿತು. ಸೆರೋಮಾ ಅನ್ನುವ ಈ ತೊಂದರೆ ಒಳ್ಳೆಯ ಸರ್ಜನ್ ಕೈಯಲ್ಲೂ ಆಗುತ್ತದೆ, ಟಮ್ಮಿ ಟಕ್‌ನಲ್ಲಿ ಸಾಮಾನ್ಯ. ನಾನು 300 ಕಿಲೋಮೀಟರ್ ದೂರದಲ್ಲಿ ಮಾಡಿಸಿ ಮನೆಗೆ ಬಂದಿದ್ದರೆ ಆ ರಾತ್ರಿ ಹೇಗಿರುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಇವು ಬಂದರೆ ಫೋನ್ ಮಾಡಿ ಕಾಯಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ.

ಕಾಲ ಮತ್ತು ಮನೆ

ಟೀಚರ್‌ಗಳಿಗೆ ಉದ್ದ ರಜೆ ಸಿಗುವುದು ಏಪ್ರಿಲ್ ಮೇನಲ್ಲಿ. ನಾನೂ ಮೊದಲು ಹಾಗೇ ಯೋಚಿಸಿದ್ದೆ. ಆಪರೇಷನ್ ಆದಮೇಲೆ ಸುಮಾರು ಆರು ವಾರ ಎದೆಯ ಕೆಳಗಿಂದ ತೊಡೆಯ ತನಕ ಬಿಗಿ ಬೆಲ್ಟ್ ಹಾಕಿರಬೇಕು. 40 ಡಿಗ್ರಿ ದಾಟಿದ ಬಿಸಿಲಲ್ಲಿ, ಕರೆಂಟು ಹೋದ ಮಧ್ಯಾಹ್ನ, ಆ ಬೆಲ್ಟಿನೊಳಗೆ ಬೆವತ ಗಾಯ! ದಸರಾ ರಜೆಗೆ ಉಳಿದ ರಜೆ ಸೇರಿಸಿ ಅಕ್ಟೋಬರ್‌ನಲ್ಲಿ ಮಾಡಿಸಿದೆ. ನಮ್ಮ ಮೂರು ಜಿಲ್ಲೆಯವರಿಗೆ ದೀಪಾವಳಿ ಆಸುಪಾಸಿನಿಂದ ಸಂಕ್ರಾಂತಿ ತನಕದ ಕಾಲವೇ ಒಳ್ಳೆಯದು.

ಮನೆಯಲ್ಲಿ ಕೂತುಕೊಳ್ಳುವ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿಯಾದರೂ ತಂದಿಡಿ. ಮೊದಲ ವಾರಗಳಲ್ಲಿ ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ನೆಲದ ಮೇಲಿನ ಹಾಸಿಗೆ ಆಗದು, ಮಂಚ ಬೇಕು, ಬೆನ್ನಿಗೆ ಮೊಣಕಾಲಿಗೆ ದಿಂಬು ಬೇಕು. ಆರು ವಾರ ಭಾರ ಎತ್ತುವಂತಿಲ್ಲ. ನಮ್ಮಲ್ಲಿ ನಳದ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ. ನೀರು ಬಿಟ್ಟ ದಿನ ಕೊಡ ಎತ್ತುವವರು ಯಾರು, ರೊಟ್ಟಿ ಬಡಿಯುವವರು ಯಾರು, ಸಣ್ಣ ಮಗು ಇದ್ದರೆ ಎತ್ತಿಕೊಳ್ಳುವವರು ಯಾರು, ಇದೆಲ್ಲ ಆಪರೇಷನ್ ದಿನ ಗೊತ್ತು ಮಾಡುವ ಮುಂಚೆಯೇ ಮಾತಾಡಿಕೊಳ್ಳಿ. ನಮ್ಮಮ್ಮ ಬಂದು ಒಂದೂವರೆ ತಿಂಗಳು ಇದ್ದರು. "ಬೇಡ ಬಿಡವ್ವ" ಅಂದವರೇ ನನ್ನ ಬೆಲ್ಟಿನ ಹುಕ್ಕು ಹಾಕುತ್ತಿದ್ದರು.

ಡಾಕ್ಟರನ್ನು ಮೊದಲ ಸಲ ನೋಡಲು ಹೋಗುವಾಗ ಹಳೆಯ ಆಪರೇಷನ್‌ಗಳ ಡಿಸ್ಚಾರ್ಜ್ ಕಾಗದ, ಇತ್ತೀಚಿನ ರಕ್ತ ಪರೀಕ್ಷೆ, ತಗೊಳ್ಳುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಒಂಟಿಯಾಗಿ ಹೋಗಬೇಡಿ, ನಿಮ್ಮನ್ನು ಮನೆಯಲ್ಲಿ ನೋಡಿಕೊಳ್ಳುವವರು ಜೊತೆಗಿರಲಿ. ಒಪ್ಪಿಗೆ ಪತ್ರವನ್ನು ಆಪರೇಷನ್ ದಿನ ಬೆಳಿಗ್ಗೆ ಅವಸರದಲ್ಲಿ ಓದಬೇಡಿ, ಮೊದಲೇ ಮನೆಗೆ ತಂದು ಓದಿ, ಅರ್ಥ ಆಗದ್ದನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ. ನಿಮ್ಮ ಫೋಟೋ ಜಾಹೀರಾತಿಗೆ ಬಳಸಲು ಒಪ್ಪಿಗೆ ಕೇಳುವ ಸಾಲು ಅದರಲ್ಲಿ ಸೇರಿದ್ದರೆ ಇಷ್ಟ ಇಲ್ಲ ಅಂತ ಹೊಡೆದುಹಾಕಬಹುದು. ಆಪರೇಷನ್ ಆದಮೇಲೆ ದಾಖಲೆ ಬೇಕು ಅಂತ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ 2002ರ ನಿಯಮದಲ್ಲಿದೆ. ಬೇರೆ ಊರಲ್ಲಿ ಮಾಡಿಸಿದವರು ಆ ಕಾಗದ ಕೈಗೆ ಬರುವ ತನಕ ಊರಿಗೆ ಹೊರಡಬೇಡಿ. ನಿಮ್ಮೂರಿನ ಸರ್ಜನ್ ಮೊದಲು ಕೇಳುವುದು ಅದನ್ನೇ.